ತಿರುಗುವ ಭಾರದ ಲೆಕ್ಕ: ಡ್ರ್ಯಾಗ್ ಕಾರು, ಶರ್ಯತ್ತಿನ ಗಾಡಿ ಮತ್ತು ಹಗುರಗೊಳಿಸುವಿಕೆಯ ಮಿತಿ

ಸಾರಾಂಶ

ಎಂಜಿನ್‌ನಿಂದ ಗಾಲಿಯವರೆಗೆ ತಿರುಗುವ ಭಾಗಗಳನ್ನು ಹಗುರ ಮಾಡಿದರೆ ಡ್ರ್ಯಾಗ್ ಕಾರಿನ ಓಟದ ಸಮಯ ಎಷ್ಟು ತಗ್ಗುತ್ತದೆ ಎಂಬುದನ್ನು ಈ ಲೇಖನ ಲೆಕ್ಕ ಹಾಕುತ್ತದೆ. ಪ್ರತಿಯೊಂದು ಭಾಗದ ತಿರುಗು ಜಡತ್ವವನ್ನು ಅದಕ್ಕೆ ಸಮನಾದ ನೇರ ಭಾರಕ್ಕೆ ಪರಿವರ್ತಿಸಿ, 402 ಮೀಟರ್ ಓಟದ ಒಂದು ಮಾದರಿ ಕಾರಿಗೆ ಅನ್ವಯಿಸಲಾಗಿದೆ. ಫ್ಲೈವೀಲ್ ಹಗುರ ಮಾಡುವುದರಿಂದ ಕಾಗದದ ಮೇಲೆ ಕಾಣುವ ಲಾಭದ ಅರ್ಧಕ್ಕಿಂತ ಹೆಚ್ಚು ಪಾಲು ಮೊದಲ ಗೇರಿನಲ್ಲಿದೆ. ಟಯರಿನ ಹಿಡಿತ ಸಾಲದಿದ್ದಾಗ ಆ ಪಾಲು ಕೈಗೆ ಸಿಗುವುದಿಲ್ಲ. ಗಾಲಿ ಮತ್ತು ಟಯರಿನ ಹೊರ ಅಂಚಿನ ಭಾರ ತಗ್ಗಿಸುವುದು ಹೆಚ್ಚು ಭರವಸೆಯ ದಾರಿ. ಶಾಫ್ಟ್ ಮತ್ತು ಆಕ್ಸಲ್‌ಗಳ ವಿಷಯದಲ್ಲಿ ತಿರುಗುವಿಕೆಯಿಂದ ಸಿಗುವ ಹೆಚ್ಚುವರಿ ಲಾಭ ಅತ್ಯಲ್ಪ.

ಪ್ರಮುಖ ಪದಗಳು: ತಿರುಗು ಜಡತ್ವ, ಸಮಾನ ಭಾರ, ಫ್ಲೈವೀಲ್, ಡ್ರ್ಯಾಗ್ ರೇಸ್, ಎತ್ತಿನ ಗಾಡಿ ಶರ್ಯತ್ತು, ಅಕ್ಕಲಕೋಟ

1. ಪೀಠಿಕೆ

ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ಕರಜಗಿ ಮತ್ತು ಸುತ್ತಲಿನ ಹಳ್ಳಿಗಳು ಆಡಳಿತದಲ್ಲಿ ಮಹಾರಾಷ್ಟ್ರದವು, ಮನೆಮಾತಿನಲ್ಲಿ ಕನ್ನಡದವು. ವೇಗದ ಪೈಪೋಟಿ ಈ ಸೀಮೆಗೆ ಹೊಸತಲ್ಲ. ಕಾರಹುಣ್ಣಿಮೆಯ ದಿನ ಎತ್ತು ಓಡಿಸಿ ಕರಿ ಹರಿಯುವ ಪದ್ಧತಿ ಭೀಮೆಯ ಎರಡೂ ದಂಡೆಗಳಲ್ಲಿದೆ. ಸೋಲಾಪುರ, ಸಾಂಗಲಿ, ವಿಜಯಪುರ ಸೀಮೆಯ ಖಿಲ್ಲಾರಿ ತಳಿ ಗಾಡಿ ಶರ್ಯತ್ತಿಗೆ ಹೆಸರಾದದ್ದು. ಇದೇ ರಾಜ್ಯದ ಲೋಣಾವಳಾ ಬಳಿಯ ಆಂಬಿ ವ್ಯಾಲಿ ವಿಮಾನಪಟ್ಟಿಯಲ್ಲಿ ಕಾರು ಮತ್ತು ಬೈಕ್‌ಗಳ ಡ್ರ್ಯಾಗ್ ಓಟ ನಡೆಯುತ್ತದೆ. ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯೂ ಇಂಥ ಓಟಗಳನ್ನು ಕಂಡಿದೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಬೈಕ್ ಡ್ರ್ಯಾಗ್ ಓಟದಲ್ಲಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ.

ಓಟದ ಕಾರು ಸಿದ್ಧಪಡಿಸುವ ಗ್ಯಾರೇಜುಗಳಲ್ಲಿ ಒಂದು ನಂಬಿಕೆ ಬಲವಾಗಿದೆ: ತಿರುಗುವ ಭಾಗದಿಂದ ತೆಗೆದ ಒಂದು ಕಿಲೊ, ಬಾಡಿಯಿಂದ ತೆಗೆದ ಹಲವು ಕಿಲೊಗೆ ಸಮ. ಈ ಮಾತು ಒಂದು ಭಾಗಕ್ಕೆ ಪೂರ್ತಿ ನಿಜ, ಇನ್ನೊಂದಕ್ಕೆ ಅರೆನಿಜ, ಮತ್ತೊಂದಕ್ಕೆ ಸುಳ್ಳು. ಈ ವ್ಯತ್ಯಾಸ ತಿಳಿಯದೆ ಯುವಕರು ದುಡ್ಡು ಸುರಿಯುತ್ತಾರೆ, ಕೆಲವೊಮ್ಮೆ ಪ್ರಾಣಕ್ಕೂ ಅಪಾಯ ತಂದುಕೊಳ್ಳುತ್ತಾರೆ. ಆದ್ದರಿಂದ ಕನ್ನಡದಲ್ಲಿ ಇದರ ಲೆಕ್ಕವನ್ನು ಬಿಡಿಸಿ ಬರೆಯುವುದು ಅಗತ್ಯವೆನಿಸಿತು.

2. ಸೈದ್ಧಾಂತಿಕ ಚೌಕಟ್ಟು

ನೇರ ಓಡುವ ವಸ್ತುವಿನ ಚಲನಶಕ್ತಿ ಅದರ ರಾಶಿ ಮತ್ತು ವೇಗದ ವರ್ಗದ ಗುಣಲಬ್ಧದ ಅರ್ಧ. ತಿರುಗುವ ವಸ್ತುವಿಗೆ ರಾಶಿಯ ಜಾಗದಲ್ಲಿ ತಿರುಗು ಜಡತ್ವ, ವೇಗದ ಜಾಗದಲ್ಲಿ ಕೋನವೇಗ ಬರುತ್ತದೆ. ತಿರುಗು ಜಡತ್ವ ಬರೀ ತೂಕದಿಂದ ನಿರ್ಧಾರವಾಗದು. ತೂಕವನ್ನು ಅಕ್ಷದಿಂದ ಅದು ಇರುವ ದೂರದ ವರ್ಗದಿಂದ ಗುಣಿಸಬೇಕು. ಕಾರಿನ ಗಾಲಿಗಳು ಓಡುತ್ತವೆ, ತಿರುಗುತ್ತವೆ ಕೂಡ. ಅವಕ್ಕೆ ಎರಡೂ ಬಗೆಯ ಶಕ್ತಿಯನ್ನು ಎಂಜಿನ್ ಒದಗಿಸಬೇಕು.

ಒಂದು ಭಾಗದ ತಿರುಗು ಜಡತ್ವವನ್ನು, ಗಾಲಿ ಒಂದು ಸುತ್ತು ಸುತ್ತುವಾಗ ಆ ಭಾಗ ಎಷ್ಟು ಸುತ್ತು ಸುತ್ತುತ್ತದೆ ಎಂಬ ಅನುಪಾತದ ವರ್ಗದಿಂದ ಗುಣಿಸಿ, ಗಾಲಿಯ ತ್ರಿಜ್ಯದ ವರ್ಗದಿಂದ ಭಾಗಿಸಿದರೆ ಆ ಭಾಗದ ‘ಸಮಾನ ಭಾರ’ ಸಿಗುತ್ತದೆ. ವೇಗ ಏರುವಾಗ ಕಾರಿನಲ್ಲಿ ಆ ಭಾಗದ ತೂಕದ ಜೊತೆಗೆ ಇಷ್ಟು ಹೆಚ್ಚಿನ ಹೊರೆ ಇದ್ದಂತೆ ಎಂಜಿನ್‌ಗೆ ಭಾಸವಾಗುತ್ತದೆ. ಇಡೀ ಚರ್ಚೆಯ ಕೀಲಿ ಈ ಸೂತ್ರದ ಎರಡು ವರ್ಗಗಳಲ್ಲಿದೆ: ಅಕ್ಷದಿಂದ ದೂರ ಮತ್ತು ಗೇರ್ ಅನುಪಾತ.

ಭಾರಕ್ಕೂ ಓಟದ ಸಮಯಕ್ಕೂ ಇರುವ ಸಂಬಂಧವೂ ಬೇಕು. ಗಾಲಿಗೆ ಸದಾ ಒಂದೇ ಪ್ರಮಾಣದ ಶಕ್ತಿ ತಲುಪುತ್ತದೆ, ಗಾಳಿಯ ತಡೆ ಇಲ್ಲ ಎಂದು ಭಾವಿಸಿದರೆ, ನಿಗದಿತ ದೂರ ಕ್ರಮಿಸುವ ಸಮಯವು ಭಾರ ಮತ್ತು ಶಕ್ತಿಯ ಅನುಪಾತದ ಘನಮೂಲಕ್ಕೆ ಅನುಗುಣವಾಗಿರುತ್ತದೆ. ಜೆಫ್ರಿ ಫಾಕ್ಸ್ 1973ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಪ್ರಕಟಿಸಿದ ಲೇಖನ ಡ್ರ್ಯಾಗ್ ಓಟದ ಭೌತವಿಜ್ಞಾನವನ್ನು ಕಟ್ಟಿಕೊಟ್ಟ ಪ್ರಸಿದ್ಧ ಪ್ರಯತ್ನ. ಘನಮೂಲದ ನಿಯಮದ ತಾತ್ಪರ್ಯ ಕಟುವಾದದ್ದು: ಭಾರವನ್ನು ಶೇಕಡಾ 3ರಷ್ಟು ಇಳಿಸಿದರೆ ಸಮಯ ಸುಮಾರು ಶೇಕಡಾ 1ರಷ್ಟು ಮಾತ್ರ ಇಳಿಯುತ್ತದೆ.

3. ಮಾದರಿ ಕಾರು

ಲೆಕ್ಕದ ಅನುಕೂಲಕ್ಕೆ ಒಂದು ಕಾಲ್ಪನಿಕ ಕಾರನ್ನು ತೆಗೆದುಕೊಳ್ಳೋಣ. ಹಿಂಬದಿಯ ಗಾಲಿಗಳಿಂದ ಚಲಿಸುವ ಈ ಕಾರಿನ ತೂಕ ಚಾಲಕನೂ ಸೇರಿ 900 ಕಿಲೊ. ಗಾಲಿಗೆ ತಲುಪುವ ಶಕ್ತಿ 90 ಕಿಲೊವ್ಯಾಟ್, ಅಂದರೆ ಸುಮಾರು 120 ಅಶ್ವಶಕ್ತಿ. ಗಾಲಿಯ ತ್ರಿಜ್ಯ 30 ಸೆಂ.ಮೀ. ಎಂಜಿನ್‌ನಿಂದ ಗಾಲಿಯವರೆಗಿನ ಒಟ್ಟು ಗೇರ್ ಅನುಪಾತ ಮೊದಲ ಗೇರಿನಲ್ಲಿ 13, ಎರಡನೆಯದರಲ್ಲಿ 8, ಮೂರನೆಯದರಲ್ಲಿ 5.5, ನಾಲ್ಕನೆಯದರಲ್ಲಿ 4. ಎಂಜಿನ್ ನಿಮಿಷಕ್ಕೆ 6500 ಸುತ್ತು ಮುಟ್ಟಿದಾಗ ಗೇರ್ ಬದಲಾಗುತ್ತದೆ.

ತಿರುಗುವ ಭಾಗಗಳ ಸರಾಸರಿ ಹೊರೆಯನ್ನೂ ಸೇರಿಸಿ 960 ಕಿಲೊ ಎಂದು ಹಿಡಿದರೆ 402 ಮೀಟರ್ ದೂರಕ್ಕೆ ಆದರ್ಶ ಸಮಯ ಸುಮಾರು 12.5 ಸೆಕೆಂಡು, ಕೊನೆಯ ವೇಗ ಗಂಟೆಗೆ ಸುಮಾರು 174 ಕಿ.ಮೀ. ನಿಜವಾದ ಕಾರಿಗೆ ಇದಕ್ಕಿಂತ ಹೆಚ್ಚು ಸಮಯ ಬೇಕು. ಇಲ್ಲಿ ನಮಗೆ ಬೇಕಾದದ್ದು ಭಾಗದಿಂದ ಭಾಗಕ್ಕೆ ಇರುವ ಹೋಲಿಕೆ. ಕೆಳಗೆ ಬರುವ ಲಾಭದ ಅಂಕಿಗಳೆಲ್ಲ ಗರಿಷ್ಠ ಮಿತಿಗಳು ಎಂದೇ ಓದಬೇಕು.

4. ಭಾಗವಾರು ಫಲಿತಾಂಶ

4.1 ಫ್ಲೈವೀಲ್

ಫ್ಲೈವೀಲ್ 8 ಕಿಲೊ ತೂಕದ, 26 ಸೆಂ.ಮೀ. ವ್ಯಾಸದ ಗಟ್ಟಿ ತಟ್ಟೆ ಎಂದುಕೊಳ್ಳೋಣ. ಸೂತ್ರದಂತೆ ಅದರ ಸಮಾನ ಭಾರ ಹೀಗೆ ಬರುತ್ತದೆ:

ಮೊದಲ ಗೇರ್: ಸುಮಾರು 127 ಕಿಲೊ
ಎರಡನೆಯ ಗೇರ್: ಸುಮಾರು 48 ಕಿಲೊ
ಮೂರನೆಯ ಗೇರ್: ಸುಮಾರು 23 ಕಿಲೊ
ನಾಲ್ಕನೆಯ ಗೇರ್: ಸುಮಾರು 12 ಕಿಲೊ

ಎಂಟು ಕಿಲೊ ಕಬ್ಬಿಣ ಮೊದಲ ಗೇರಿನಲ್ಲಿ ಇಬ್ಬರು ಆಳುಗಳಷ್ಟು ಹೊರೆಯಾಗುತ್ತದೆ. ಗ್ಯಾರೇಜಿನ ನಂಬಿಕೆ ಹುಟ್ಟಿದ್ದು ಇಲ್ಲಿಯೇ. ಈಗ 4 ಕಿಲೊ ತೆಗೆದು ಜಡತ್ವವನ್ನು ಅರ್ಧಕ್ಕೆ ಇಳಿಸಿದರೆ, ಆದರ್ಶ ಲೆಕ್ಕದಲ್ಲಿ ಓಟದ ಸಮಯ ಸುಮಾರು 0.13 ಸೆಕೆಂಡು ಕಡಿಮೆಯಾಗುತ್ತದೆ. ಇದರಲ್ಲಿ ಸುಮಾರು 0.07 ಸೆಕೆಂಡು ಮೊದಲ ಗೇರಿನ ಕೊಡುಗೆ. ಎರಡನೆಯದು 0.035, ಮೂರನೆಯದು 0.02 ಕೊಟ್ಟರೆ ನಾಲ್ಕನೆಯದರ ಪಾಲು 0.01ಕ್ಕೂ ಕಡಿಮೆ.

4.2 ಗಾಲಿ ಮತ್ತು ಟಯರ್

ಗಾಲಿಗೆ ಗೇರಿನ ಗುಣಕವಿಲ್ಲ. ಆದರೆ ಅದರ ಭಾರ ಹೆಚ್ಚಾಗಿ ಹೊರ ಅಂಚಿನಲ್ಲಿದೆ. ಭಾರವೆಲ್ಲ ನೆಲ ಮುಟ್ಟುವ ಅಂಚಿನಲ್ಲೇ ಇದ್ದರೂ ಒಂದು ಕಿಲೊ ಎರಡು ಕಿಲೊಗೆ ಸಮನಾದೀತು, ಅದನ್ನು ಮೀರದು. ‘ಗಾಲಿಯ ಒಂದು ಕಿಲೊ ನಾಲ್ಕು ಕಿಲೊಗೆ ಸಮ’ ಎಂಬಂಥ ಹೇಳಿಕೆಗಳನ್ನು ಭೌತನಿಯಮ ಒಪ್ಪುವುದಿಲ್ಲ. ರಿಮ್ ಮತ್ತು ಟಯರ್ ಸೇರಿದ ಗಾಲಿಗೆ ಈ ಗುಣಕವನ್ನು 1.56 ಎಂದು ಹಿಡಿಯೋಣ. ನಾಲ್ಕು ಗಾಲಿಗಳಿಂದ ತಲಾ 3 ಕಿಲೊ ತೆಗೆದರೆ ಸುಮಾರು 19 ಕಿಲೊ ಇಳಿದಂತೆ, ಸಮಯದಲ್ಲಿ 0.08 ಸೆಕೆಂಡು ಉಳಿತಾಯ. ಅದೇ 12 ಕಿಲೊವನ್ನು ಸೀಟು, ಬಾಗಿಲುಗಳಿಂದ ತೆಗೆದಿದ್ದರೆ 0.05 ಸೆಕೆಂಡು ಸಿಗುತ್ತಿತ್ತು.

4.3 ಶಾಫ್ಟ್, ಆಕ್ಸಲ್, ಬ್ರೇಕ್ ಡಿಸ್ಕ್

7 ಸೆಂ.ಮೀ. ವ್ಯಾಸದ, 7 ಕಿಲೊ ತೂಕದ ಪ್ರೊಪೆಲ್ಲರ್ ಶಾಫ್ಟ್ ಗಾಲಿಗಿಂತ ನಾಲ್ಕು ಪಟ್ಟು ವೇಗವಾಗಿ ತಿರುಗಿದರೂ ಅದರ ಸಮಾನ ಭಾರ ಒಂದೂವರೆ ಕಿಲೊ ಮಾತ್ರ. ಅದನ್ನು ಅರ್ಧ ಹಗುರ ಮಾಡಿದಾಗ ಸಿಗುವ 0.02 ಸೆಕೆಂಡಿಗಿಂತ ಕಡಿಮೆ ಲಾಭದಲ್ಲಿ ಬಹುಪಾಲು ಸಾದಾ ತೂಕ ಇಳಿದದ್ದರ ಫಲ. 3 ಕಿಲೊ ತೂಕದ, ಹೆಬ್ಬೆರಳಿನಷ್ಟು ದಪ್ಪದ ಆಕ್ಸಲ್‌ನ ಸಮಾನ ಭಾರ ಕೆಲವೇ ಗ್ರಾಂ. 24 ಸೆಂ.ಮೀ. ವ್ಯಾಸದ, 5 ಕಿಲೊ ತೂಕದ ಬ್ರೇಕ್ ಡಿಸ್ಕ್‌ನದು ಅರ್ಧ ಕಿಲೊಗಿಂತ ಕಡಿಮೆ. ಈ ಭಾಗಗಳಿಗೆ ‘ತಿರುಗುವ ಭಾರ’ ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆ ತೆರುವುದಕ್ಕೆ ಆಧಾರವಿಲ್ಲ.

5. ಆದರ್ಶ ಲೆಕ್ಕ ಎಲ್ಲಿ ಸೋಲುತ್ತದೆ

5.1 ಟಯರಿನ ಹಿಡಿತ

ಮಾದರಿ ಕಾರಿನ ತೂಕದಲ್ಲಿ ಶೇಕಡಾ 55 ಹಿಂದಿನ ಗಾಲಿಗಳ ಮೇಲಿದ್ದು, ಟಯರಿನ ಘರ್ಷಣಾಂಕ 1 ಆಗಿದ್ದರೆ, ನೆಲ ತಡೆದುಕೊಳ್ಳಬಲ್ಲ ಗರಿಷ್ಠ ತಳ್ಳುಬಲ ಸುಮಾರು 4850 ನ್ಯೂಟನ್. 90 ಕಿಲೊವ್ಯಾಟ್ ಶಕ್ತಿ ಗಂಟೆಗೆ 67 ಕಿ.ಮೀ. ವೇಗದವರೆಗೂ ಇದಕ್ಕಿಂತ ಹೆಚ್ಚಿನ ಬಲವನ್ನು ಕೊಡಬಲ್ಲದು. ಮೊದಲ ಗೇರ್ ಮುಗಿಯುವುದೇ 57 ಕಿ.ಮೀ.ನಲ್ಲಿ. ಎಂದರೆ ಸಾಮಾನ್ಯ ರಸ್ತೆ ಟಯರ್ ಹಾಕಿದ ಈ ಕಾರಿಗೆ ಇಡೀ ಮೊದಲ ಗೇರಿನಲ್ಲಿ ಎಂಜಿನ್‌ನ ಬಲ ಮಿಕ್ಕಿದೆ, ಕೊರತೆ ಇರುವುದು ಹಿಡಿತದಲ್ಲಿ. ಫ್ಲೈವೀಲ್ ಹಗುರವಾಗಿ ಉಳಿದ ಬಲ ಟಯರನ್ನು ಜಾರಿಸುತ್ತದೆಯೇ ಹೊರತು ಕಾರನ್ನು ಮುಂದೆ ದೂಡುವುದಿಲ್ಲ. ಆಗ 0.13 ಸೆಕೆಂಡಿನ ಲಾಭ ಸುಮಾರು 0.05ಕ್ಕೆ ಇಳಿಯುತ್ತದೆ. ಘರ್ಷಣಾಂಕ 1.5 ಇರುವ ಡ್ರ್ಯಾಗ್ ಟಯರ್ ಹಾಕಿದರೆ ಹಿಡಿತದ ಮಿತಿ ಗಂಟೆಗೆ 44 ಕಿ.ಮೀ.ಗೇ ಮುಗಿದು, ಕಳೆದುಹೋದ ಲಾಭದ ಸ್ವಲ್ಪ ಪಾಲು ಮರಳುತ್ತದೆ. ಅಂಥ ಟಯರ್ ಸ್ವತಃ ತಂದುಕೊಡುವ ಲಾಭ ಇದಕ್ಕಿಂತ ಎಷ್ಟೋ ದೊಡ್ಡದು.

5.2 ಸಾಲ ಮತ್ತು ಮರುಪಾವತಿ

ಫ್ಲೈವೀಲ್ ಎಂಜಿನ್‌ನಿಂದ ಶಕ್ತಿಯನ್ನು ಸಾಲವಾಗಿ ಪಡೆಯುತ್ತದೆ. ಮೊದಲ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಎಂಜಿನ್ 6500 ಸುತ್ತಿನಿಂದ 4000ಕ್ಕೆ ಇಳಿಯಬೇಕು. ಆಗ ಮಾದರಿ ಕಾರಿನ ಮೂಲ ಫ್ಲೈವೀಲ್ ಸುಮಾರು 9700 ಜೂಲ್ ಬಿಟ್ಟುಕೊಡುತ್ತದೆ. ಚಾಲಕ ಆಕ್ಸಿಲರೇಟರ್ ಒತ್ತಿ ಹಿಡಿದೇ ಚುರುಕಾಗಿ ಕ್ಲಚ್ ಸೇರಿಸಿದರೆ ಅದರಲ್ಲಿ 7400 ಜೂಲ್ ಕಾರಿಗೆ ಸೇರಿ, ಉಳಿದದ್ದು ಕ್ಲಚ್‌ನಲ್ಲಿ ಶಾಖವಾಗುತ್ತದೆ. ಮುಂದಿನ ಎರಡು ಬದಲಾವಣೆಗಳಲ್ಲಿ ಶೇಕಡಾ 81 ಮತ್ತು 84ರಷ್ಟು ಮರಳುತ್ತದೆ. ಭಾರವಾದ ಫ್ಲೈವೀಲ್ ಇರುವ ಕಾರು ಗೇರ್ ಬಿದ್ದೊಡನೆ ಮುಂದಕ್ಕೆ ಜಗ್ಗಿದಂತಾಗುವುದು ಈ ಮರುಪಾವತಿಯಿಂದ.

ಸಮಾನ ಭಾರದ ಪಟ್ಟಿ ಸಾಲವನ್ನು ಮಾತ್ರ ತೋರಿಸುತ್ತದೆ, ಮರುಪಾವತಿಯನ್ನು ತೋರಿಸುವುದಿಲ್ಲ. ಆದ್ದರಿಂದ ಫ್ಲೈವೀಲ್ ಹಗುರ ಮಾಡಿದ್ದರ ಫಲ ಚಾಲಕನ ಕೈಕಾಲಿನ ಚಳಕವನ್ನೂ ಅವಲಂಬಿಸಿದೆ. ಆಕ್ಸಿಲರೇಟರ್ ಬಿಟ್ಟು ನಿಧಾನವಾಗಿ ಗೇರ್ ಬದಲಿಸುವವನ ಕಾರಿನಲ್ಲಿ ಆ ಶಕ್ತಿ ಎಂಜಿನ್‌ನ ಒಳಘರ್ಷಣೆಯಲ್ಲಿ ಕರಗುತ್ತದೆ. ಅವನಿಗೆ ಹಗುರ ಫ್ಲೈವೀಲ್‌ನಿಂದ ಹೆಚ್ಚು ಪ್ರಯೋಜನ. ಚುರುಕಾಗಿ ಬದಲಿಸುವವನಿಗೆ ಕಡಿಮೆ. ಗಾಲಿಯ ವಿಷಯ ಬೇರೆ: ಅದರಲ್ಲಿ ಸೇರಿದ ಶಕ್ತಿ ಓಟ ಮುಗಿದು ಬ್ರೇಕ್ ಹಾಕುವವರೆಗೂ ಅಲ್ಲೇ ಉಳಿಯುತ್ತದೆ.

5.3 ಹಸಿರು ದೀಪಕ್ಕೆ ಮುಂಚಿನ ಶಕ್ತಿ

ಡ್ರ್ಯಾಗ್ ಓಟದಲ್ಲಿ ಗಡಿಯಾರ ಶುರುವಾಗುವುದು ಕಾರು ಗೆರೆ ದಾಟಿದಾಗ. ಅದಕ್ಕೆ ಮುಂಚೆ ಎಂಜಿನ್ ಏರಿಸಿ ಫ್ಲೈವೀಲ್‌ನಲ್ಲಿ ತುಂಬಿಟ್ಟ ಶಕ್ತಿಗೆ ಸಮಯದ ಲೆಕ್ಕವಿಲ್ಲ. 5000 ಸುತ್ತಿನಲ್ಲಿ ಮೂಲ ಫ್ಲೈವೀಲ್‌ನಲ್ಲಿ ಸುಮಾರು 9300 ಜೂಲ್ ಇರುತ್ತದೆ. ಅರ್ಧ ಹಗುರ ಮಾಡಿದರೆ ಹೊರಡುವಾಗಲೇ 4600 ಜೂಲ್ ಕೈಬಿಟ್ಟಂತೆ. ಎಂಜಿನ್ ಪೂರ್ಣ ಶಕ್ತಿಯಲ್ಲಿ 0.05 ಸೆಕೆಂಡು ದುಡಿದು ಅದನ್ನು ತುಂಬಿಕೊಡಬೇಕು. ಸಣ್ಣ ಎಂಜಿನ್, ಒಳ್ಳೆಯ ಹಿಡಿತ, ಹೆಚ್ಚು ತೂಕ ಇರುವ ಕಾರಿನಲ್ಲಿ ಈ ನಷ್ಟ ಎದ್ದು ಕಾಣುತ್ತದೆ: ಕ್ಲಚ್ ಬಿಟ್ಟೊಡನೆ ಎಂಜಿನ್ ಸುತ್ತು ಕುಸಿದು ಕಾರು ಮುಗ್ಗರಿಸುತ್ತದೆ.

ಅಮೆರಿಕದ ಟಾಪ್ ಫ್ಯೂಯೆಲ್ ವರ್ಗ ಇನ್ನೊಂದು ತುದಿಯ ಉದಾಹರಣೆ. ವಾಲಿ ಪಾರ್ಕ್ಸ್ 1951ರಲ್ಲಿ ಸ್ಥಾಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್‌ನ ಈ ವರ್ಗದ ಕಾರುಗಳಲ್ಲಿ ಬದಲಾಯಿಸುವ ಗೇರುಗಳೇ ಇಲ್ಲ, ಹಿಂದಿನ ಆಕ್ಸಲ್‌ನ ಅನುಪಾತ 3.20ಕ್ಕೆ ನಿಗದಿ. ಹಲವು ತಟ್ಟೆಗಳ ಕ್ಲಚ್ ಉದ್ದೇಶಪೂರ್ವಕವಾಗಿ ಜಾರುತ್ತ ಹಂತಹಂತವಾಗಿ ಬಿಗಿಯಾಗುತ್ತದೆ. 2008ರಿಂದ 1000 ಅಡಿಗೆ ಸೀಮಿತವಾದ ಈ ಓಟ ನಾಲ್ಕು ಸೆಕೆಂಡಿನೊಳಗೆ ಮುಗಿಯುತ್ತದೆ. ಅಲ್ಲಿ ಗೆಲುವು ನಿಂತಿರುವುದು ಕ್ಲಚ್ ಶಕ್ತಿಯನ್ನು ಎಷ್ಟು ಹದವಾಗಿ ಟಯರಿಗೆ ಬಿಡುತ್ತದೆ ಎಂಬುದರ ಮೇಲೆ.

6. ಗಡಿನಾಡಿನ ಎರಡು ಯಂತ್ರಗಳು

ಈ ನಿಯಮಗಳನ್ನು ನಮ್ಮ ಸೀಮೆಯ ಯಂತ್ರಗಳ ಮೇಲೆ ಹಚ್ಚಿ ನೋಡಿದಾಗ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲನೆಯದು ಬಾವಿಯ ದಂಡೆಯ ಡೀಸೆಲ್ ಎಂಜಿನ್. 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಮನೆತನದ ಉದ್ಯಮದಿಂದ ಬಂದ 5 ಅಶ್ವಶಕ್ತಿಯ, 1500 ಸುತ್ತಿನ, ಒಂದೇ ಸಿಲಿಂಡರಿನ ಎಂಜಿನ್ ಈ ಭಾಗದ ರೈತರಿಗೆ ಚಿರಪರಿಚಿತ. ನಾಲ್ಕು ಹೊಡೆತದ ಈ ಎಂಜಿನ್‌ನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಶಕ್ತಿ ಹುಟ್ಟುತ್ತದೆ. ಉಳಿದ ಮೂರು ಹೊಡೆತಗಳನ್ನು ದಾಟಿಸುವುದು ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ನೀರೆತ್ತುವ ಯಂತ್ರಕ್ಕೆ ಭಾರವಾದ ಚಕ್ರವೇ ಬಲ. ಅದನ್ನು ಕೊರೆದು ಹಗುರ ಮಾಡಿದರೆ ಎಂಜಿನ್ ಕುಕ್ಕುತ್ತ ಓಡುತ್ತದೆ.

ಎರಡನೆಯದು ಶರ್ಯತ್ತಿನ ಗಾಡಿ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತಿದ್ದ ಗಾಡಿ ಓಟ, 2017ರ ರಾಜ್ಯ ತಿದ್ದುಪಡಿಯ ನಂತರ, 2021ರ ಡಿಸೆಂಬರಿನಲ್ಲಿ ಸಿಕ್ಕ ಅನುಮತಿಯಿಂದ ಮಹಾರಾಷ್ಟ್ರದಲ್ಲಿ ಮತ್ತೆ ಶುರುವಾಯಿತು. 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿ ಕಾಯಿದೆಗಳನ್ನು ಎತ್ತಿಹಿಡಿಯಿತು. ಜೋಡಿ ಎತ್ತು 800 ಕಿಲೊ, ಗಾಡಿ 100 ಕಿಲೊ, ಅದರಲ್ಲಿ ಗಾಲಿಗಳದು 40 ಕಿಲೊ, ಹೊಡೆಯುವವನು 60 ಕಿಲೊ ಎಂದು ಹಿಡಿಯೋಣ. ಗಾಡಿಗೆ ಗೇರಿಲ್ಲ. ಭಾರದ ಬಹುಪಾಲು ಅಂಚಿನಲ್ಲಿರುವ ಈ ಗಾಲಿಗಳ ಸಮಾನ ಭಾರ ಸುಮಾರು 30 ಕಿಲೊ. ಗಾಲಿಗಳನ್ನು ಅರ್ಧ ಹಗುರ ಮಾಡಿದರೆ ಒಟ್ಟು 990 ಕಿಲೊದಲ್ಲಿ 35 ಕಿಲೊ ಇಳಿಯುತ್ತದೆ. ಘನಮೂಲದ ನಿಯಮದಂತೆ ಸಮಯದಲ್ಲಿ ಹೆಚ್ಚೆಂದರೆ ಶೇಕಡಾ 1.2ರ ಲಾಭ. ಎತ್ತುಗಳು ತಮ್ಮ ಗರಿಷ್ಠ ವೇಗ ಮುಟ್ಟಿದ ಮೇಲೆ ಜಡತ್ವದ ಮಾತೇ ಬರುವುದಿಲ್ಲ. ಇಲ್ಲಿ ವೇಗವನ್ನು ಎತ್ತಿನ ಮೈಕಟ್ಟು, ಮೇವು, ಆರೋಗ್ಯಗಳೇ ನಿರ್ಧರಿಸುತ್ತವೆ. ಪ್ರಾಣಿಯನ್ನು ಹಿಂಸಿಸದೆ ಸಾಕುವುದು ಕಾನೂನಿನ ಷರತ್ತೂ ಹೌದು, ಗೆಲ್ಲುವ ದಾರಿಯೂ ಹೌದು.

ಹೊರೆ ಎಳೆಯುವ ಗಾಡಿಯಲ್ಲಿ ಜಡತ್ವಕ್ಕಿಂತ ಉರುಳು ಘರ್ಷಣೆ ಮುಖ್ಯ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದರು. ಅಂಥ ಸುಧಾರಣೆಯಲ್ಲಿ ಬೇರಿಂಗ್ ಮತ್ತು ಗಾಳಿ ಟಯರ್ ಎತ್ತಿನ ಹೆಗಲಿನ ಭಾರ ಇಳಿಸುವುದು ಘರ್ಷಣೆ ತಗ್ಗಿಸುವ ಮೂಲಕ.

7. ಸುರಕ್ಷತೆಯ ಪ್ರಶ್ನೆ

ತಿರುಗುವ ಉಂಗುರದಲ್ಲಿ ಹುಟ್ಟುವ ಎಳೆತದ ಒತ್ತಡ ಅಂಚಿನ ವೇಗದ ವರ್ಗಕ್ಕೆ ಅನುಗುಣ. 26 ಸೆಂ.ಮೀ. ವ್ಯಾಸದ ಎರಕದ ಕಬ್ಬಿಣದ ಉಂಗುರದಲ್ಲಿ 6500 ಸುತ್ತಿಗೆ ಸುಮಾರು 56 ಮೆಗಾಪಾಸ್ಕಲ್, 9000 ಸುತ್ತಿಗೆ 108 ಮೆಗಾಪಾಸ್ಕಲ್ ಒತ್ತಡವಿರುತ್ತದೆ. ಕೊರೆದ ತೂತಿನ ಅಂಚಿನಲ್ಲಿ ಅದು ಇಮ್ಮಡಿ, ಮುಮ್ಮಡಿಯಾಗಬಹುದು. ಸಾಧಾರಣ ಬೂದು ಎರಕದ ಕಬ್ಬಿಣ ತಾಳುವುದು 150ರಿಂದ 250 ಮೆಗಾಪಾಸ್ಕಲ್. ಕ್ಲಚ್‌ನ ಶಾಖದಿಂದ ಬಿರುಕು ಬಿಟ್ಟಿದ್ದರೆ ಅಷ್ಟೂ ಇಲ್ಲ. ಹಳೆಯ ಫ್ಲೈವೀಲನ್ನು ಲೇತ್‌ಗೆ ಹಾಕಿ ತೆಳುವಾಗಿಸಿ, ತೂತು ಕೊರೆದು ಓಟಕ್ಕಿಳಿಯುವುದು ಚಾಲಕನ ಕಾಲ ಬಳಿ ಸಿಡಿಗುಂಡು ಕಟ್ಟಿದಷ್ಟೇ ಅಪಾಯ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಪಟ್ಟಿಯಲ್ಲಿ ಟ್ರಾನ್ಸ್‌ಮಿಷನ್ ಸಿಡಿದು ಖ್ಯಾತ ಓಟಗಾರ ಡಾನ್ ಗಾರ್ಲಿಟ್ಸ್ ಬಲಪಾದದ ಒಂದು ಭಾಗ ಕಳೆದುಕೊಂಡರು. ಮರುವರ್ಷ ಅವರು ಎಂಜಿನ್ ಹಿಂದಿರುವ ಕಾರಿನಿಂದ ಗೆದ್ದ ಮೇಲೆ ಆ ವರ್ಗದ ವಿನ್ಯಾಸವೇ ಬದಲಾಯಿತು. ಓಟಕ್ಕೆಂದೇ ಪ್ರಮಾಣೀಕರಿಸಿದ ಉಕ್ಕಿನ ಫ್ಲೈವೀಲ್ ಮತ್ತು ರಕ್ಷಾ ಕವಚ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಓಟ ನಡೆಸುವುದು 1988ರ ಮೋಟಾರು ವಾಹನ ಕಾಯಿದೆಯ 189ನೇ ಕಲಮಿನಂತೆ ಅಪರಾಧ.

8. ಪರೀಕ್ಷೆಯ ವಿಧಾನ

ಲೆಕ್ಕವನ್ನು ಓಟದ ಪಟ್ಟಿಯಲ್ಲಿ ಪರೀಕ್ಷಿಸಬಹುದು. ಕಾಲಮಾಪಕ ಚೀಟಿಯಲ್ಲಿ ಮೊದಲ 60 ಅಡಿಯ ಸಮಯ, 201 ಮೀಟರಿನ ಸಮಯ, 402 ಮೀಟರಿನ ಸಮಯ ಮತ್ತು ಕೊನೆಯ ವೇಗ ದಾಖಲಾಗುತ್ತವೆ. ಫ್ಲೈವೀಲ್ ಬದಲಿಸಿದ ಮೇಲೆ 60 ಅಡಿಯ ಸಮಯ ಏರಿದರೆ ಹೊರಡುವಾಗಿನ ಶಕ್ತಿ ಕಳೆದುಹೋಗಿದೆ ಎಂದರ್ಥ. ಅದು ಹಾಗೇ ಇದ್ದು ಮುಂದಿನ ಹಂತಗಳು ಸುಧಾರಿಸಿದ್ದರೆ ಲಾಭ ನಿಜವಾದದ್ದು. ಒಂದೇ ದಿನ, ಒಂದೇ ಚಾಲಕ, ಒಂದೇ ಟಯರ್ ಒತ್ತಡ ಇಟ್ಟುಕೊಂಡು ಹಳೆಯ ಭಾಗ, ಹೊಸ ಭಾಗ, ಮತ್ತೆ ಹಳೆಯ ಭಾಗ ಎಂಬ ಕ್ರಮದಲ್ಲಿ ಓಡಿಸಬೇಕು. ಚಾಲಕನ ಓಟದಿಂದ ಓಟಕ್ಕೆ ಬರುವ ವ್ಯತ್ಯಾಸ ಹತ್ತನೇ ಒಂದು ಸೆಕೆಂಡು ಇದ್ದರೆ, 0.05 ಸೆಕೆಂಡಿನ ಲಾಭವನ್ನು ಒಂದೆರಡು ಓಟದಲ್ಲಿ ಗುರುತಿಸಲು ಸಾಧ್ಯವೇ ಇಲ್ಲ.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗವೂ ಇದೆ. ಒಂದೇ ತೂಕದ ಗಟ್ಟಿ ಉರುಳೆ ಮತ್ತು ತೆಳುಗೋಡೆಯ ಪೊಳ್ಳು ಕೊಳವೆಯನ್ನು ಇಳಿಜಾರಿನ ಹಲಗೆಯ ಮೇಲೆ ಒಟ್ಟಿಗೆ ಬಿಟ್ಟರೆ ಕೊಳವೆಗೆ ಸುಮಾರು ಶೇಕಡಾ 15 ಹೆಚ್ಚು ಸಮಯ ಬೇಕಾಗುತ್ತದೆ. ಅಕ್ಕಲಕೋಟ ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ತಿರುಗು ಜಡತ್ವವನ್ನು ಅವರದೇ ಭಾಷೆಯಲ್ಲಿ ಕಣ್ಣೆದುರು ತೋರಿಸಲು ಇದಕ್ಕಿಂತ ಅಗ್ಗದ ಸಾಧನ ಬೇಡ.

9. ಉಪಸಂಹಾರ

ತಿರುಗುವ ಭಾಗಗಳನ್ನು ಹಗುರ ಮಾಡಿದರೆ ಡ್ರ್ಯಾಗ್ ಕಾರು ವೇಗವಾಗುತ್ತದೆ, ಆದರೆ ಲಾಭ ಭಾಗದಿಂದ ಭಾಗಕ್ಕೆ ಬೇರೆ. ಕಡಿಮೆ ಹಣವುಳ್ಳ ಯುವಕ ಮೊದಲು ಟಯರಿನ ಹಿಡಿತಕ್ಕೆ, ಆಮೇಲೆ ಬಾಡಿಯ ಬೇಡದ ತೂಕ ಇಳಿಸುವುದಕ್ಕೆ, ಅನಂತರ ಹಗುರ ಗಾಲಿಗೆ ಖರ್ಚು ಮಾಡಲಿ. ಫ್ಲೈವೀಲ್‌ನ ಸರದಿ ಬರುವುದು ಇವೆಲ್ಲ ಆದ ಮೇಲೆ, ಅದೂ ಪ್ರಮಾಣೀಕೃತ ಭಾಗ ಸಿಕ್ಕರೆ ಮಾತ್ರ. ಶಾಫ್ಟ್ ಮತ್ತು ಆಕ್ಸಲ್‌ಗಳನ್ನು ಗಟ್ಟಿತನಕ್ಕಾಗಿ ಆರಿಸಬೇಕು. ಮಾರುವವರು ‘ತಿರುಗುವ ಭಾರ’ ಎಂದಾಗ ಕೊಳ್ಳುವವರು ಮೂರು ಪ್ರಶ್ನೆ ಕೇಳಲಿ: ಭಾರ ಅಕ್ಷದಿಂದ ಎಷ್ಟು ದೂರದಲ್ಲಿದೆ, ಗಾಲಿಯ ಒಂದು ಸುತ್ತಿಗೆ ಅದು ಎಷ್ಟು ಸುತ್ತುತ್ತದೆ, ಆ ಹೊತ್ತಿನಲ್ಲಿ ಟಯರ್ ಹಿಡಿದಿದೆಯೇ ಜಾರುತ್ತಿದೆಯೇ. ಈ ಮೂರಕ್ಕೂ ಅಂಕಿಗಳಲ್ಲಿ ಉತ್ತರ ಸಿಕ್ಕ ಮೇಲೆ ದುಡ್ಡು ಬಿಚ್ಚಿದರೆ ಸಾಕು.